ಚಿಮಣಿಯ ಕಿವಿ

ದೀಪಾವಳಿಗೆ ಇನ್ನು ಹದಿನೆಂಟು ದಿನ ಇರುವಾಗ ಖಾನಾವಳಿ ಅಕ್ಕ ತಮ್ಮ ನಾಯಿಯನ್ನು ಕರೆದುಕೊಂಡು ಹುಮನಾಬಾದಿನ ದನದ ದವಾಖಾನೆಗೆ ಬಂದರು. ನಾನು ಎತ್ತೊಂದರ ಮುರಿದ ಕೊಂಬಿಗೆ ಪಟ್ಟಿ ಸುತ್ತುತ್ತಿದ್ದೆ. ಸಾಲಿನಲ್ಲಿ ನಿಂತಿದ್ದ ರೈತರನ್ನೆಲ್ಲ ದಾಟಿ ಬಂದವರೇ ಕೈಯಲ್ಲಿದ್ದ ಪಾಟಿಯನ್ನು, ಅಂದರೆ ಶಾಲೆ ಮಕ್ಕಳ ಸ್ಲೇಟನ್ನು, ನನ್ನ ಮೇಜಿನ ಮೇಲಿಟ್ಟು ಬಳಪ ಚಾಚಿದರು.

"ಈ ಸಲ ಇಕಿ ಓಡಿ ಹೋಗಬಾರ್ದು ನೋಡ್ರಿ ಸಾಹೇಬ್ರ. ಏನ್ ಮಾಡ್ತೀರೋ ಮಾಡ್ರಿ," ಎಂದರು.

ಅಕ್ಕನಿಗೆ ಕಿವಿ ಕೇಳುವುದಿಲ್ಲ. ಹನ್ನೆರಡನೆಯ ವಯಸ್ಸಿನಲ್ಲಿ ಬಂದ ಜ್ವರ ಎರಡೂ ಕಿವಿಗಳನ್ನು ತೆಗೆದುಕೊಂಡು ಹೋಗಿತ್ತು. ಮಾತು ಉಳಿದಿತ್ತು, ನಾಲ್ಕನೆಯ ಇಯತ್ತೆಯವರೆಗೆ ಕಲಿತ ಅಕ್ಷರವೂ ಉಳಿದಿತ್ತು. ಊರಿನವರ ತುಟಿ ನೋಡಿಯೇ ಅವರು ಮುಕ್ಕಾಲು ಮಾತು ಹಿಡಿಯುತ್ತಿದ್ದರು. ನಾನು ಕರಾವಳಿಯಿಂದ ವರ್ಗವಾಗಿ ಬಂದವನು. ನನ್ನ ತುಟಿ ಬೇರೆ ಥರ ಆಡುತ್ತದೆಂದು ಹೇಳಿ ನನ್ನೊಬ್ಬನಿಗೆ ಮಾತ್ರ ಪಾಟಿ ಹಿಡಿಯುತ್ತಿದ್ದರು. ಎರಡು ವರ್ಷದಿಂದ ಎರಡು ಹೊತ್ತೂ ನನ್ನ ಊಟ ಅವರ ಖಾನಾವಳಿಯಲ್ಲೇ. ನಾನು ರೊಟ್ಟಿ ಮುರಿಯುವ ರೀತಿಗೆ ಅವರಿಗೆ ಇನ್ನೂ ನಗು ಬರುತ್ತಿತ್ತು.

ಖಾನಾವಳಿ ಇದ್ದದ್ದು ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯ ಅಂಚಿನಲ್ಲಿ. ನೀರಿನ ಬೋರಿಂಗು ಹೆದ್ದಾರಿಯ ಆಚೆ. ಲಾರಿಗಳು ಹಗಲೆಲ್ಲ ಹಾರನ್ ಹಾಕುತ್ತ ಓಡುವ ಆ ರಸ್ತೆಯನ್ನು ಅಕ್ಕ ದಿನಕ್ಕೆ ಎಂಟು ಹತ್ತು ಸಲ ಕೊಡ ಹೊತ್ತು ದಾಟುತ್ತಿದ್ದರು. ದಾಟಿಸುತ್ತಿದ್ದದ್ದು ಈ ನಾಯಿ, ಚಿಮಣಿ. ಮೈಯೆಲ್ಲ ಕಪ್ಪು, ಹಣೆಯ ಮೇಲೆ ಮಾತ್ರ ಚಿಮಣಿ ದೀಪದ ಕುಡಿಯಷ್ಟು ಬಿಳಿ, ಅದಕ್ಕೇ ಆ ಹೆಸರು. ಹಾರನ್ ಕೇಳಿದರೆ ಅಕ್ಕನ ಮೊಣಕಾಲಿಗೆ ಮೈಯೊತ್ತಿ ನಿಲ್ಲುತ್ತಿತ್ತು. ಗಿರಾಕಿ ಬಂದು ಕೂಗಿದರೆ ಒಳಗೆ ಹೋಗಿ ಸೀರೆ ಎಳೆಯುತ್ತಿತ್ತು. ಯಾರೂ ಕಲಿಸಿದ್ದಲ್ಲ, ಐದು ವರ್ಷ ಜೊತೆಗಿದ್ದು ತಾನೇ ಕಲಿತದ್ದು.

ಹಿಂದಿನ ದೀಪಾವಳಿಯಲ್ಲಿ ಪಟಾಕಿಯ ಸದ್ದಿಗೆ ಚಿಮಣಿ ಹಗ್ಗ ಕಡಿದುಕೊಂಡು ಓಡಿತ್ತು. ಐದು ದಿನ ಸಿಗಲಿಲ್ಲ. ಮೂರನೆಯ ದಿನ ಅಕ್ಕ ಒಬ್ಬರೇ ನೀರಿಗೆ ಹೋದಾಗ ಲಾರಿಯೊಂದು ಅವರನ್ನು ಸವರಿಕೊಂಡು ಹೋಗಿ ಹೆಗಲೆಲುಬು ಮುರಿದಿತ್ತು. ಬಸವಕಲ್ಯಾಣದಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಅವರ ತಮ್ಮ ಅಂದೇ ಹೇಳಿಬಿಟ್ಟಿದ್ದರು: ಇನ್ನೊಂದು ಸಲ ಹೀಗಾದರೆ ಖಾನಾವಳಿಗೆ ಬೀಗ, ಅಕ್ಕ ನಮ್ಮ ಮನೆಗೆ. ವಾರಕ್ಕೆರಡು ದಿನ ನಾನು ಬಸವಕಲ್ಯಾಣದ ದವಾಖಾನೆಯನ್ನೂ ನೋಡಿಕೊಳ್ಳುತ್ತಿದ್ದರಿಂದ ಆ ತಮ್ಮ ನನಗೆ ಪರಿಚಯ. ಕೆಟ್ಟ ಮನುಷ್ಯನಲ್ಲ. ಅಕ್ಕನ ಮೇಲಿನ ಪ್ರೀತಿಗೇ ಆ ಮಾತು ಆಡಿದ್ದರು. ಆದರೆ ಅಕ್ಕನಿಗೆ ಇಪ್ಪತ್ತು ವರ್ಷ ತಾವೇ ಹಚ್ಚಿದ ಒಲೆ ಬಿಟ್ಟು ಯಾರದೋ ಮನೆಯ ಮೂಲೆಯಲ್ಲಿ ಕೂರುವುದು ಸಾವಿನ ಮಾತಾಗಿತ್ತು.

ನಾನು ಪಾಟಿಯ ಮೇಲೆ "ನೋಡೋಣ" ಎಂದು ಬರೆದೆ. ನನಗೆ ಏನೂ ಗೊತ್ತಿರಲಿಲ್ಲ. ಕಾಲೇಜಿನಲ್ಲಿ ಕಲಿಸಿದ್ದು ದನಗಳ ಗಳಲೆ ರೋಗ, ಚಪ್ಪೆ ರೋಗ, ಅಡ್ಡ ಸಿಕ್ಕಿದ ಕರು. ಹೆದರಿಕೆಗೆ ಪಾಠ ಇರಲಿಲ್ಲ.

ಮೊದಲು ಎಲ್ಲರಂತೆ ಕಿವಿಗೆ ಎಣ್ಣೆಹತ್ತಿ ಇಟ್ಟೆ. ಚಿಮಣಿ ಎರಡು ಸಲ ತಲೆ ಕೊಡವಿತು, ಹತ್ತಿ ಹೋಗಿ ನಮ್ಮ ಕಂಪೌಂಡರ್ ಸಾಹೇಬರ ಚಹಾದ ಬಟ್ಟಲಿಗೆ ಬಿತ್ತು. ಕಂಪೌಂಡರರು ಮೂವತ್ತು ವರ್ಷ ಸೇವೆಯಾದ ಹಿರಿಯರು, ನಿಜಾಮರ ಕಾಲದ ಕುದುರೆಗಳಿಗೆ ಲಾಳ ಹೊಡೆದವರು. ಬಟ್ಟಲು ಪಕ್ಕಕ್ಕೆ ಸರಿಸಿ, ಇಷ್ಟಕ್ಕೇ ಮುಗಿಯುವ ಕೆಲಸವಲ್ಲ ಇದು ಎಂದರು. ಹತ್ತಿ ನಿಂತಿದ್ದರೂ ಪ್ರಯೋಜನವಿರಲಿಲ್ಲ ಎನ್ನುವುದು ಆಮೇಲೆ ಹೊಳೆಯಿತು. ಸದ್ದು ಕೇಳದ ನಾಯಿ ಅಕ್ಕನಿಗೆ ಯಾತಕ್ಕೆ ಬೇಕು? ಅದು ಕೇಳಬೇಕು, ಆದರೆ ಹೆದರಬಾರದು. ಈ ಎರಡರ ನಡುವಿನ ದಾರಿ ಕೂದಲಿನಷ್ಟೇ ಸಣ್ಣದಿತ್ತು.

ಎರಡನೆಯ ಉಪಾಯ ನನ್ನದೇ. ಬಜಾರಿನಿಂದ ಟಿಕಳಿ ತಂದೆ, ಕೆಂಪು ಕಾಗದದ ನಡುವೆ ಸಾಸಿವೆಯಷ್ಟು ಮದ್ದಿರುತ್ತದಲ್ಲ, ಆ ಟಿಕಳಿ. ದವಾಖಾನೆಯ ಹಿಂದಿನ ಬಯಲಲ್ಲಿ ಅಕ್ಕ ಚಿಮಣಿಯನ್ನು ಹಿಡಿದು ಕೂರುವುದು, ಕಂಪೌಂಡರರು ನೂರು ಹೆಜ್ಜೆ ದೂರದಲ್ಲಿ ಕಲ್ಲಿನಿಂದ ಟಿಕಳಿ ಕುಟ್ಟುವುದು, ಸದ್ದಾದ ಕೂಡಲೇ ನಾಯಿಗೆ ಒಂದು ತುತ್ತು. ಗಾಬರಿಯಾದ ಪ್ರಾಣಿ ತಿನ್ನುವುದಿಲ್ಲ. ತಿಂದರೆ ಅದು ಇನ್ನೂ ನಮ್ಮ ಕೈಯಲ್ಲಿದೆ ಎಂದರ್ಥ. ತಿಂದ ದಿನ ಮರುದಿನಕ್ಕೆ ಹತ್ತು ಹೆಜ್ಜೆ ಹತ್ತಿರ, ತಿನ್ನದಿದ್ದರೆ ಇಪ್ಪತ್ತು ಹೆಜ್ಜೆ ಹಿಂದೆ. ತುತ್ತಿಗೆ ಕುರಿಯ ಕಲೇಜಿ ಒಳ್ಳೆಯದೆಂದು ನಾನು ಪಾಟಿಯ ಮೇಲೆ ಬರೆದಾಗ ಲಿಂಗ ಕಟ್ಟಿಕೊಂಡ ಆ ಹೆಂಗಸು ನನ್ನನ್ನು ನೋಡಿದ ನೋಟಕ್ಕೆ ನಾನೇ ಅಳಿಸಿಹಾಕಿದೆ. ಮರುದಿನ ಶೇಂಗಾ ಹೋಳಿಗೆ ಮಾಡಿಕೊಂಡು ಬಂದರು. ಚಿಮಣಿಗಿಂತ ಹೆಚ್ಚು ಕಂಪೌಂಡರರೇ ತಿಂದರು.

ಒಂಬತ್ತು ದಿನಕ್ಕೆ ನಲವತ್ತು ಹೆಜ್ಜೆಗೆ ಬಂದೆವು. ನಾನು ಒಳಗೊಳಗೇ ಬೀಗುತ್ತಿದ್ದೆ. ಹತ್ತನೆಯ ದಿನ ಹೆದ್ದಾರಿಯ ಮೇಲೆ ಯಾರದೋ ಮೆರವಣಿಗೆ ಬಂತು. ದವಾಖಾನೆಯ ಗೇಟಿನೆದುರೇ ಗರ್ನಾಲು ಇಟ್ಟರು. ಗರ್ನಾಲೆಂದರೆ ಕಬ್ಬಿಣದ ಕೊಳವೆಯನ್ನು ನೆಲಕ್ಕೆ ಹೂತು ಮದ್ದು ಜಡಿದು ಹಾರಿಸುವುದು, ಕಿಟಕಿಯ ಗಾಜು ನಡುಗುತ್ತದೆ. ಚಿಮಣಿ ಅಕ್ಕನ ಕೈಯಿಂದ ಕಿತ್ತುಕೊಂಡು, ಮುಳ್ಳುಬೇಲಿ ಹರಿದುಕೊಂಡು ಓಡಿತು. ನಾಲ್ಕು ತಾಸು ಹುಡುಕಿದ ಮೇಲೆ ಒಂದು ನಿಂತ ಲಾರಿಯ ಕೆಳಗೆ, ಗಾಲಿಗಳ ನಡುವೆ ಮುದುಡಿ ಕೂತಿದ್ದು ಸಿಕ್ಕಿತು. ಡ್ರೈವರ್ ಆಗಷ್ಟೇ ಗಾಡಿ ಹತ್ತುತ್ತಿದ್ದ. ಅಂದಿನಿಂದ ಚಿಮಣಿ ಟಿಕಳಿ ಡಬ್ಬಿ ಕಂಡರೇ ಹೋಳಿಗೆ ಮೂಸದಾಯಿತು. ನನ್ನ ಒಂಬತ್ತು ದಿನ ಮಣ್ಣುಪಾಲಾದವು.

ಊರಾಚೆ ಒಯ್ಯಬಹುದಿತ್ತಲ್ಲ ಎಂದು ಯಾರಾದರೂ ಕೇಳಬಹುದು. ಒಯ್ದೆವು. ಘಾಟಬೋರಾಳದಲ್ಲಿ ಕಂಪೌಂಡರರ ಪರಿಚಯದ ಹೊಲವಿತ್ತು. ಅಲ್ಲಿಗೆ ಹೋಗಿ ಅರ್ಧ ತಾಸಾಗಿರಲಿಲ್ಲ, ಪಕ್ಕದ ಹೊಲದಾತ ಹಂದಿ ಓಡಿಸಲು ಪಟಾಕಿ ಹಚ್ಚಿದ. ಬೆಳೆ ನಿಂತಿರುವ ತಿಂಗಳಲ್ಲಿ ಸದ್ದಿಲ್ಲದ ಹೊಲ ಆ ಸೀಮೆಯಲ್ಲಿ ಇರಲಿಲ್ಲ. ಚಿಮಣಿಯನ್ನು ಕಂಬಳಿಯಲ್ಲಿ ಸುತ್ತಿ, ಎದೆಗೊತ್ತಿಕೊಂಡು ವಾಪಸು ಬಸ್ಸು ಹತ್ತಿದೆವು. ಕಂಡಕ್ಟರ್ ಮಗುವೆಂದು ತಿಳಿದು ಸೀಟು ಬಿಡಿಸಿಕೊಟ್ಟ.

ಇನ್ನು ಉಳಿದದ್ದು ಔಷಧ. ಹುಚ್ಚೆದ್ದ ದನಗಳಿಗೆ ಕೊಡುವ ಕ್ಲೋರ್‌ಪ್ರೊಮಜೀನ್ ಎಂಬ ಗುಳಿಗೆ ನಾಯಿಗೂ ಆಗುತ್ತದೆಂದು ಪುಸ್ತಕ ಹೇಳುತ್ತಿತ್ತು. ನಮ್ಮಲ್ಲಿ ಇರಲಿಲ್ಲ, ಬಸವಕಲ್ಯಾಣದ ಕಪಾಟಿನಿಂದ ಹತ್ತು ಗುಳಿಗೆ ತಂದೆ. ಪಕ್ಕದ ಧಾನ್ಯದ ಅಡತಿ ಅಂಗಡಿಯ ತಕ್ಕಡಿಯಲ್ಲಿ ಚಿಮಣಿಯನ್ನು ತೂಗಿದೆವು. ನಾಯಿಯನ್ನು ಜೋಳದ ತಕ್ಕಡಿಯಲ್ಲಿ ಕೂರಿಸಿದ್ದಕ್ಕೆ ಅಡತಿ ಸಾವ್ಕಾರರು ತಕ್ಕಡಿಗೆ ನೀರು ಚಿಮುಕಿಸಿದರೇ ಹೊರತು ಬೇಡವೆನ್ನಲಿಲ್ಲ. ಹಬ್ಬಕ್ಕೆ ಮೂರು ದಿನ ಮುಂಚೆ ಮಧ್ಯಾಹ್ನ ನಾನೇ ಒಂದು ಗುಳಿಗೆ ಹೋಳಿಗೆಯಲ್ಲಿಟ್ಟು ತಿನ್ನಿಸಿದೆ. ಮುಕ್ಕಾಲು ತಾಸಿಗೆ ಕಾಲು ಸೋತವು, ಕಣ್ಣು ಮುಚ್ಚಿತು, ಮೂರು ತಾಸು ನಿದ್ದೆ. ಎದ್ದ ಮೇಲೆ ನೀರು ಕುಡಿಯಿತು. ಗೆದ್ದೆ ಎಂದುಕೊಂಡೆ.

ನರಕ ಚತುರ್ದಶಿಯ ಬೆಳಿಗ್ಗೆ ಬಸವಕಲ್ಯಾಣದಿಂದ ಕರೆ ಬಂತು, ಎಮ್ಮೆಯ ಹೊಟ್ಟೆಯಲ್ಲಿ ಕರು ಅಡ್ಡವಾಗಿದೆ. ಹೊರಡುವ ಮುಂಚೆ ಅಕ್ಕನಿಗೆ ಗುಳಿಗೆಯ ಪೊಟ್ಟಣ ಕೊಟ್ಟು, ಪಾಟಿಯ ಮೇಲೆ ದೊಡ್ಡ ಅಕ್ಷರದಲ್ಲಿ ಬರೆದೆ: "ಸಂಜೆ ಐದು ಗಂಟೆಗೆ ಮದ್ದು. ಆಮೇಲೆ ಹೊರಗೆ ಬಿಡಬೇಡಿ." ಅಕ್ಕ ಓದಿ, ತಲೆ ಆಡಿಸಿ, ಬೆರಳಲ್ಲಿ ಐದು ತೋರಿಸಿದರು. ನಾನೂ ಐದು ಬೆರಳು ತೋರಿಸಿ ಬಸ್ಸಿಗೆ ಓಡಿದೆ.

ಕರು ಸತ್ತಿತ್ತು. ಎಮ್ಮೆಯನ್ನು ಉಳಿಸಲು ಕೈ ಭುಜದವರೆಗೆ ಒಳಗಿಟ್ಟು ಕರುವನ್ನು ತುಂಡುತುಂಡಾಗಿ ತೆಗೆಯುವಷ್ಟರಲ್ಲಿ ಐದಾಯಿತು. ಕೈ ತೊಳೆದು, ಬಸ್ಸು ಹಿಡಿದು ಹುಮನಾಬಾದಿಗೆ ಬಂದು ಇಳಿದಾಗ ಏಳೂವರೆ. ಊರು ಆಗಲೇ ಸಿಡಿಯುತ್ತಿತ್ತು. ಖಾನಾವಳಿಯ ಬಾಗಿಲು ಒಳಗಿನಿಂದ ಹಾಕಿತ್ತು. ಕಂಪೌಂಡರರು ಹೊರಗೆ ಕಟ್ಟೆಯ ಮೇಲೆ ಕೂತಿದ್ದರು, ನನ್ನನ್ನು ನೋಡಿ ಎದ್ದು ನಿಂತರು.

"ಸಾಹೇಬ್ರ, ನೀವು ಮದ್ದು ಅಂತ ಬರದ್ರಿ. ಇಲ್ಲಿ ಮದ್ದಂದ್ರ ಪಟಾಕಿರಿ. ಐದಕ್ಕ ಪಟಾಕಿ ಶುರು ಆಗ್ತಾವ ಅಂತ ಹೇಳ್ಯಾರ ಅಂತ ತಿಳದಾಳ ಆಕಿ."

ನಮ್ಮೂರಿನಲ್ಲಿ ಮದ್ದೆಂದರೆ ಔಷಧ. ಹುಟ್ಟಿದಾಗಿನಿಂದ ಕುಡಿದದ್ದೆಲ್ಲ ಮದ್ದೇ. ಇಲ್ಲಿ ಔಷಧಕ್ಕೆ ದವಾ ಅನ್ನುತ್ತಾರೆ, ಗುಳಿಗಿ ಅನ್ನುತ್ತಾರೆ. ಮದ್ದು ಅಂದರೆ ಸುಡುವುದು. ಗರ್ನಾಲಿಗೆ ಜಡಿಯುವುದನ್ನು, ಟಿಕಳಿಯೊಳಗಿನದನ್ನು ಎರಡು ವರ್ಷದಿಂದ ನಾನೇ ಮದ್ದೆನ್ನುತ್ತಿದ್ದೆ. ಆದರೂ ಅವಸರಕ್ಕೆ ಬಳಪ ಹಿಡಿದ ಕೈಗೆ ಬಂದದ್ದು ತಾಯಿಯ ಮಾತು. ಅಕ್ಕ ಐದಕ್ಕೆ ಸರಿಯಾಗಿ ಬಾಗಿಲು ಹಾಕಿ ನಾಯಿಯನ್ನು ಕಟ್ಟಿಕೊಂಡು ಕೂತಿದ್ದರು. ಗುಳಿಗೆ ಇರುವುದು ನಾಯಿ ಅಂಜಿದ ಮೇಲೆ ಕೊಡಲಿಕ್ಕೆ ಎಂದುಕೊಂಡಿದ್ದರು. ಆರಕ್ಕೆ ಪಟಾಕಿ ಶುರುವಾಗಿ ಚಿಮಣಿ ಗೋಡೆ ಕೆರೆಯತೊಡಗಿದಾಗ ಒಂದು ಕೊಟ್ಟಿದ್ದರು. ತಗ್ಗಲಿಲ್ಲವೆಂದು ಸ್ವಲ್ಪ ಹೊತ್ತಿಗೆ ಇನ್ನೊಂದು.

ಹಿಂಬಾಗಿಲಿನಿಂದ ಒಳಗೆ ಹೋದೆ. ಅಕ್ಕ ಒಲೆಯ ಪಕ್ಕ ಕೂತಿದ್ದರು, ತೊಡೆಯ ಮೇಲೆ ಚಿಮಣಿ. ಮೈ ಸತ್ತಂತೆ ಬಿದ್ದಿತ್ತು. ಕಾಲೆತ್ತಿ ಬಿಟ್ಟರೆ ಹಾಗೇ ಬೀಳುತ್ತಿತ್ತು. ಆದರೆ ಕಣ್ಣು ತೆರೆದಿತ್ತು. ಕಣ್ಣಪಾಪೆ ಅಗಲವಾಗಿ ಕಪ್ಪು ತುಂಬಿಕೊಂಡಿತ್ತು. ಸ್ಟೆತಸ್ಕೋಪು ಎದೆಗಿಟ್ಟೆ. ಹೊರಗೆ ಒಂದೊಂದು ಸದ್ದಾದಾಗಲೂ ಎದೆ ಹಾರಿ ಎಣಿಸಲಾರದಷ್ಟು ಓಡುತ್ತಿತ್ತು. ಚಿಮಣಿಗೆ ಎಲ್ಲ ಕೇಳುತ್ತಿತ್ತು, ಎಂದಿನಷ್ಟೇ ಹೆದರಿಕೆಯೂ ಆಗುತ್ತಿತ್ತು. ಓಡಲು ಮಾತ್ರ ಆಗುತ್ತಿರಲಿಲ್ಲ. ಗುಳಿಗೆ ಕಾಲನ್ನು ಕಟ್ಟುತ್ತದೆ, ಅಂಜಿಕೆಯನ್ನಲ್ಲ ಎಂದು ಪುಸ್ತಕದಲ್ಲಿ ಬರೆದಿರಲಿಲ್ಲ. ಮೂರು ದಿನದ ಹಿಂದೆ ಸದ್ದಿಲ್ಲದ ಮಧ್ಯಾಹ್ನ ಪರೀಕ್ಷೆ ಮಾಡಿ ಗೆದ್ದೆ ಎಂದುಕೊಂಡ ದಡ್ಡ ನಾನು. ಹೇಳಿದ ಹೊತ್ತಿಗೆ ಕೊಟ್ಟಿದ್ದರೂ ಇದೇ ಆಗುತ್ತಿತ್ತೇನೋ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಮೈ ತಣ್ಣಗಾಗುತ್ತಿತ್ತು. ಒಲೆಯಲ್ಲಿ ಕಾಸಿದ ಇಟ್ಟಿಗೆಯನ್ನು ಗೋಣಿಯಲ್ಲಿ ಸುತ್ತಿ ಹೊಟ್ಟೆಯ ಕೆಳಗಿಟ್ಟೆವು. ಮಾಡಲು ಬೇರೇನೂ ಇರಲಿಲ್ಲ. ಬಡಿತ ಎಣಿಸುತ್ತ ಕೂತೆ.

ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದರು. ಕಿವಿ ಕೇಳದವರ ಧ್ವನಿ ಕೆಲವೊಮ್ಮೆ ಏರುಪೇರಾಗುತ್ತದೆ, ಅಂದು ತೀರಾ ಸಣ್ಣಗಿತ್ತು.

"ಸಾಹೇಬ್ರ, ಇಕಿ ಕಿವಿ ತಗದುಬಿಡ್ರಿ. ನನ್ನಂಗ ಮಾಡಿಬಿಡ್ರಿ. ಏನೂ ಕೇಳಲಾರದ ಇರೋದು ಎಷ್ಟು ಸುಖ ಅಂತ ನನಗ ಗೊತ್ತದ."

ನಾನು ಅವರನ್ನು ನೋಡಿದೆ. ಪಾಟಿ ಹುಡುಕಲಿಲ್ಲ. ಖಾನಾವಳಿ ಏನಾಗುತ್ತದೆ ಎಂಬ ಪ್ರಶ್ನೆ ನನ್ನ ಮುಖದ ಮೇಲೆ ಕಂಡಿರಬೇಕು.

"ನಾ ಕಲ್ಯಾಣಕ್ಕ ಹೋಗ್ತೀನ್ರಿ, ತಮ್ಮನ ಮನಿಗಿ. ಇಕಿನ್ನೂ ಕರ್ಕೊಂಡು ಹೋಗ್ತೀನಿ. ನನ್ನ ಸಲುವಾಗಿ ಇಕಿ ಇಷ್ಟು ಕೇಳೋದು ಸಾಕು."

ಆಗದ ಕೆಲಸವಲ್ಲ. ಕಿವಿಯ ತಮಟೆಯನ್ನು ದಾಟಿ ಒಳಗಿವಿಯವರೆಗೆ ಹೋಗುವ ಕಡ್ಡಿ ನನ್ನ ಚೀಲದಲ್ಲೇ ಇತ್ತು, ಎರಡು ನಿಮಿಷದ ಕೆಲಸ, ನಾಯಿ ಹೇಗೂ ಅಲುಗಾಡುವ ಹಾಗಿರಲಿಲ್ಲ. ನಿಜ ಹೇಳಬೇಕೆಂದರೆ ನಾನು ಚೀಲದ ಗುಂಡಿ ಬಿಚ್ಚಿದೆ. ಆ ಕಣ್ಣು ನೋಡಿಕೊಂಡು ಇನ್ನೊಂದು ಸಂಜೆ ಕೂರುವ ಶಕ್ತಿ ನನಗಿರಲಿಲ್ಲ. ಮರುದಿನ ಅಮಾವಾಸ್ಯೆ, ಅಂಗಡಿಗಳ ಲಕ್ಷ್ಮೀಪೂಜೆ. ಇವತ್ತಿನದರ ಹತ್ತು ಪಾಲು ಸುಡುತ್ತಾರೆ.

ಕೈ ತಡೆದದ್ದು ನನ್ನ ಕಿವಿಯಲ್ಲಿದ್ದ ಸ್ಟೆತಸ್ಕೋಪು. ಚಿಮಣಿಯ ಎದೆ ಪ್ರತಿ ಸಲ ಒಂದೇ ರೀತಿ ಹಾರುತ್ತಿರಲಿಲ್ಲ. ಕೆಲವು ಸದ್ದಿಗೆ ಕುದುರೆಯಂತೆ ಓಡುತ್ತಿತ್ತು, ಕೆಲವಕ್ಕೆ ಅಷ್ಟಿಲ್ಲ. ಹತ್ತಿರದ ಸದ್ದು, ದೂರದ ಸದ್ದು ಎಂಬ ಲೆಕ್ಕವೂ ಸರಿಹೊಂದಲಿಲ್ಲ. ತಲೆಯೆತ್ತಿ ಅಕ್ಕನ ಕೈ ನೋಡಿದೆ. ಅಕ್ಕ ಈಗ ಕಿಟಕಿಯತ್ತ ಮುಖ ತಿರುಗಿಸಿದ್ದರು. ಎದುರಿನ ಅಂಗಡಿಯವರು ಬತ್ತಿಗೆ ಬೆಂಕಿ ಹಿಡಿಯುವುದು ಅವರಿಗೆ ಕಾಣುತ್ತಿತ್ತು. ಕಂಡ ಕೂಡಲೇ ಅಂಗೈಯನ್ನು ನಾಯಿಯ ಕುತ್ತಿಗೆಗೆ ಒತ್ತುತ್ತಿದ್ದರು, ಆಮೇಲೆ ಸದ್ದು. ಹೀಗೆ ಕೈಯಿಟ್ಟ ಮೇಲೆ ಬಂದ ಸದ್ದಿಗೆ ಎದೆ ಹಾರಿದರೂ ಬೇಗ ಇಳಿಯುತ್ತಿತ್ತು. ಹಿಂದಿನ ಓಣಿಯಿಂದ ಹೇಳದೆ ಕೇಳದೆ ಬಂದ ಸದ್ದಿಗೆ ಇಳಿಯುತ್ತಲೇ ಇರಲಿಲ್ಲ. ಇಪ್ಪತ್ತು ಸಲ ಎಣಿಸಿದೆ. ಇಪ್ಪತ್ತರಲ್ಲಿ ತಪ್ಪಿದ್ದು ಎರಡೋ ಮೂರೋ.

ಚೀಲದ ಗುಂಡಿ ಹಾಕಿದೆ. ಪಾಟಿಯ ಮೇಲೆ ಬರೆದೆ: "ಕಿವಿ ತೆಗೆಯುವುದಿಲ್ಲ. ನಾಳೆ ಗುಳಿಗಿನೂ ಇಲ್ಲ." ಈ ಸಲ ಒಂದೊಂದು ಪದವನ್ನೂ ಕಂಪೌಂಡರರಿಗೆ ತೋರಿಸಿಯೇ ಕೊಟ್ಟೆ.

ಸದ್ದು ಕಡಿಮೆಯಾಗಬೇಕು, ಬರುವ ಸದ್ದು ಹೇಳಿ ಬರಬೇಕು. ಎರಡೂ ಆಗುವ ಜಾಗ ಯಾವುದು ಎಂದು ಬೆಳಿಗ್ಗೆ ಕೇಳಿದಾಗ ಕಂಪೌಂಡರರು ಹೇಳಿದ್ದು ಹಗೇವು. ಅಡತಿ ಸಾವ್ಕಾರರ ಹಿತ್ತಲಲ್ಲಿ ಜೋಳ ತುಂಬುವ ಹಳೆಯ ನೆಲಗುಂಡಿ ಇತ್ತು, ಗಡಿಗೆಯ ಆಕಾರ, ಬಾಯಿ ಒಬ್ಬ ಮನುಷ್ಯ ಇಳಿಯುವಷ್ಟು, ಆಳ ಎರಡು ಆಳು. ನಾಲ್ಕು ವರ್ಷದಿಂದ ಖಾಲಿ. ಸಾವ್ಕಾರರಿಗೆ ನಾನು ಎರಡು ಕೇಳಿಕೊಂಡೆ: ಹಗೇವು ಕೊಡಬೇಕು, ಮತ್ತೆ ಅವರ ಸಾಲಿನ ಅಂಗಡಿಗಳು ಸಂಜೆ ಹೇಳಿ ಪಟಾಕಿ ಹಚ್ಚಬೇಕು. ಪೂಜೆಯ ಹೂವು ಆರಿಸುತ್ತಿದ್ದವರು ಬುಟ್ಟಿ ಪಕ್ಕಕ್ಕೆ ಸರಿಸಿದರು.

"ಲಕ್ಷ್ಮೀಗಿ ಮದ್ದು ಸುಡಲಾರದ ಇರಾಕ ಆಗಂಗಿಲ್ರಿ. ಆದ್ರ ಆ ಅಕ್ಕನ ಕೈಲಿ ಇಪ್ಪತ್ತು ವರ್ಷ ರೊಟ್ಟಿ ತಿಂದೀನಿ. ಹೇಳಿ ಸುಡ್ತೀವಿ, ಹೋಗ್ರಿ," ಎಂದರು.

ಮುಚ್ಚಿದ ಬಂಡೆ ಸರಿಸಿದ ಕೂಡಲೇ ನಾನು ಏಣಿ ಇಳಿಸಲು ಹೋದೆ. ಸಾವ್ಕಾರರು ನನ್ನ ಅಂಗಿ ಹಿಡಿದು ಎಳೆದರು. ಮುಚ್ಚಿಟ್ಟ ಹಗೇವಿನ ತಳದಲ್ಲಿ ವಿಷಗಾಳಿ ನಿಂತಿರುತ್ತದೆ, ಅದರ ಉಸಿರು ಬಿಡಿಸದೆ ಇಳಿದವರು ಹತ್ತಿ ಬಂದದ್ದಿಲ್ಲವಂತೆ. ಕಂದೀಲು ಹಚ್ಚಿ ಹಗ್ಗದಲ್ಲಿ ಬಿಟ್ಟರು. ಅರ್ಧ ದಾರಿಗೆ ದೀಪ ಕುಗ್ಗಿ, ತಳ ಮುಟ್ಟುವ ಮುಂಚೆ ನಂದಿತು. ಬೇವಿನ ಟೊಂಗೆಗಳ ಕಟ್ಟನ್ನು ಹಗ್ಗಕ್ಕೆ ಬಿಗಿದು ಮಧ್ಯಾಹ್ನದವರೆಗೆ ಬಾವಿಯಲ್ಲಿ ನೀರು ಸೇದುವಂತೆ ಏರಿಸಿದೆವು, ಇಳಿಸಿದೆವು. ಅಂಗೈಗೆ ಬೊಬ್ಬೆ ಬಂತು. ಎರಡು ಗಂಟೆಗೆ ದೀಪ ತಳದಲ್ಲಿ ಉರಿದು ನಿಂತಿತು.

ಕೆಟ್ಟ ಗಾಳಿ ತಳದಲ್ಲೇ ಸೇರುವುದರಿಂದ ಕಂದೀಲು ತಳದಲ್ಲಿ, ನಾಯಿ ಮೇಲೆ ಇರಬೇಕು. ಹೊಟ್ಟು ತುಂಬಿದ ಎರಡು ಚೀಲ ಇಳಿಸಿ ಅದರ ಮೇಲೆ ಅಕ್ಕ ಕೂರುವುದು, ತೊಡೆಯ ಮೇಲೆ ಚಿಮಣಿ. ಬಾಯಿಗೆ ಬಿದಿರು ಅಡ್ಡ ಹಾಕಿ ಒದ್ದೆ ಗೋಣಿ ಹೊದಿಸುವುದು, ಅರ್ಧ ತಾಸಿಗೊಮ್ಮೆ ತೆಗೆದು ಗಾಳಿ ಬಿಡುವುದು. ಕೂಗಿದರೆ ಅಕ್ಕನಿಗೆ ಕೇಳುವುದಿಲ್ಲವಲ್ಲ, ಅದಕ್ಕೆ ಅವರ ಮುಂಗೈಗೆ ಹಗ್ಗ. ಒಂದು ಜಗ್ಗಿದರೆ ಪಟಾಕಿ ಬರುತ್ತಿದೆ ಎಂದು, ಎರಡು ಜಗ್ಗಿದರೆ ಮೇಲೆ ಬನ್ನಿ ಎಂದು. ಒಂದು ಜಗ್ಗಿದಾಗಲೆಲ್ಲ ಕುತ್ತಿಗೆಗೆ ಕೈಯೊತ್ತಿ ಹೋಳಿಗೆ ಕೊಡಬೇಕು. ಆಮೇಲೆ ಖಾನಾವಳಿಯಲ್ಲಿ ಕೂತು, ಪಟಾಕಿಯ ಸದ್ದಿಲ್ಲದೆಯೇ ಅದನ್ನು ಮಾಡಿದೆವು, ಜಗ್ಗು, ಕೈ, ಹೋಳಿಗೆ. ಗುಳಿಗೆಯ ಮಂಕು ಇಳಿಯುತ್ತಿದ್ದ ಚಿಮಣಿ ಮೊದಲು ಮೂಸಲಿಲ್ಲ. ನಾಲ್ಕರ ಹೊತ್ತಿಗೆ ಹಗ್ಗ ಅಲುಗಿದರೆ ಅಕ್ಕನ ಕೈಯನ್ನು ನೋಡತೊಡಗಿತು.

ಐದೂವರೆಗೆ ಅಕ್ಕ ಏಣಿಯಿಳಿದರು. ಚಿಮಣಿಯನ್ನು ಬುಟ್ಟಿಯಲ್ಲಿ ಕೂರಿಸಿ ಇಳಿಸಿದೆವು. ಕಂಪೌಂಡರರು ಗೋಡೆಯ ಬಳಿ ನಿಂತು ಅಂಗಡಿಗಳ ಕಡೆ ನೋಡುವುದು, ನಾನು ಹಗ್ಗ ಹಿಡಿಯುವುದು. ಆರಕ್ಕೆ ಮೊದಲ ಪಟಾಕಿ ಸರ. ಸಾವ್ಕಾರರು ಟವೆಲ್ ಬೀಸಿದರು, ಕಂಪೌಂಡರರು ಕೈಯೆತ್ತಿದರು, ನಾನು ಜಗ್ಗಿದೆ. ಸರ ಸಿಡಿದು ಮುಗಿದ ಮೇಲೆ ಗೋಣಿ ಸರಿಸಿ ನೋಡಿದೆ. ಕಂದೀಲಿನ ಬೆಳಕಲ್ಲಿ ಅಕ್ಕ ಖಾಲಿ ಅಂಗೈ ಎತ್ತಿ ತೋರಿಸಿದರು. ಹೋಳಿಗೆ ತಿಂದಿತ್ತು.

ಹೀಗೆ ಹದಿನಾಲ್ಕು ಸರ. ಹದಿನಾಲ್ಕರಲ್ಲಿ ಮೂರು ಸಲ ತಿನ್ನಲಿಲ್ಲ, ಉಳಿದ ಸಲ ತಿಂದಿತು. ನಡುವೆ ಎರಡು ಸಲ ಗಾಳಿ ಬಿಟ್ಟೆವು. ಅಷ್ಟರಲ್ಲಿ ಹಿಂದಿನ ಓಣಿಯಲ್ಲಿ, ನಮ್ಮ ಒಪ್ಪಂದದಲ್ಲಿ ಇಲ್ಲದ ಯಾರೋ ಗರ್ನಾಲು ಹಾರಿಸಿದರು. ನೆಲಕ್ಕೆ ಹೂತ ಗರ್ನಾಲು. ನನ್ನ ಪಾದದ ಕೆಳಗೆ ಮಣ್ಣು ಅದುರಿತು. ಹಗೇವಿನಿಂದ ಚಿಮಣಿ ಕಿರುಚಿದ್ದು ಕೇಳಿಸಿತು. ಅದರ ಜೊತೆಗೇ ಅಕ್ಕನ ಕೂಗು.

ಏಣಿಯ ಮೆಟ್ಟಿಲು ಎಷ್ಟು ತುಳಿದೆನೋ ಗೊತ್ತಿಲ್ಲ. ಕೆಳಗೆ ಅಕ್ಕ ಗೋಡೆಗೆ ಒರಗಿ ಕೂತಿದ್ದರು, ಕಣ್ಣು ಚಿಮಣಿಯ ಕಣ್ಣಿನಷ್ಟೇ ಅಗಲ. ನಾಯಿಯ ತಲೆ ಅವರ ಕಂಕುಳಲ್ಲಿ ಹೂತುಹೋಗಿತ್ತು, ಮೈಯಿಡೀ ನಡುಗುತ್ತಿತ್ತು. ಮುಗಿಯಿತು ಎಂದುಕೊಂಡೆ.

"ಈಗಿಂದು ಹೇಳಲಾರದ ಬಂತ್ರಿ," ಎಂದರು ಅಕ್ಕ. "ಬೆನ್ನಿಗಿ ಬಡೀತು. ನಂಗ ಜೀವಾನೇ ಹೋದಂಗಾತು. ಇಷ್ಟು ವರ್ಷ ಇಕಿ ಇದನ್ನ ಒಬ್ಬಾಕಿನೇ ಅನುಭವಿಸ್ತಿದ್ಲೇನ್ರಿ?"

ನನ್ನ ಹತ್ತಿರ ಪಾಟಿ ಇರಲಿಲ್ಲ. ಹೌದೆಂದು ತಲೆಯಾಡಿಸಿದೆ. ಅಕ್ಕನ ಕಣ್ಣಲ್ಲಿ ನೀರು ಬಂತು. ಒಂದು ಅಂಗೈಯನ್ನು ಮಣ್ಣಿನ ಗೋಡೆಗೆ ಒತ್ತಿಟ್ಟರು, ಇನ್ನೊಂದನ್ನು ಚಿಮಣಿಯ ಕುತ್ತಿಗೆಗೆ. ಎರಡನೆಯ ಗರ್ನಾಲು ಸಿಡಿದಾಗ ಅವರಿಗೂ ನಾಯಿಗೂ ಒಟ್ಟಿಗೇ ಗೊತ್ತಾಯಿತು, ಇಬ್ಬರೂ ಒಟ್ಟಿಗೇ ಬೆಚ್ಚಿದರು. ಅಕ್ಕ ಅದಕ್ಕೆ ಏನೋ ಹೇಳುತ್ತಲೇ ಇದ್ದರು, ಮಗುವಿಗೆ ಹೇಳುವ ಥರದ ಮಾತು, ನನಗೆ ಅರ್ಥವಾಗದಷ್ಟು ಮೆಲ್ಲಗೆ. ಮೂರನೆಯದಕ್ಕೆ ಚಿಮಣಿ ಕಂಕುಳಿನಿಂದ ತಲೆ ತೆಗೆಯಿತು. ಬಹಳ ಹೊತ್ತಿನ ಮೇಲೆ ತೊಡೆಯ ಮೇಲೆ ಬಿದ್ದಿದ್ದ ಹೋಳಿಗೆಯ ಚೂರನ್ನು ನೆಕ್ಕಿತು. ನಾನು ಮೇಲೆ ಹತ್ತಿ ಬಂದು ಹಗ್ಗ ಹಿಡಿದೆ. ಎಂಟರ ಹೊತ್ತಿಗೆ ಅಂಗಡಿಗಳ ಪಟಾಕಿ ಮುಗಿಯಿತು, ಕಂಪೌಂಡರರು ಬುಟ್ಟಿ ಎಳೆದರು. ಚಿಮಣಿ ಓಡಲಿಲ್ಲ.

ಆದರೆ ನನ್ನ ಎದೆಯ ಕಲ್ಲು ಇಳಿದಿರಲಿಲ್ಲ. ಉಳಿದದ್ದು ಎಂಥ ನಾಯಿ ಎಂದು ಇನ್ನೂ ಗೊತ್ತಿರಲಿಲ್ಲ. ಎರಡು ಸಂಜೆ ಸದ್ದಿನಿಂದ ಅಷ್ಟು ಬಳಲಿದ ಪ್ರಾಣಿ ಇನ್ನು ಸದ್ದಿಗೆ ಬೆನ್ನು ತಿರುಗಿಸಿ ನಿಲ್ಲಬಹುದು, ಹಾರನ್ ಕೇಳಿಯೂ ಕೇಳದಂತೆ ನಡೆಯಬಹುದು. ಹಾಗಾಗಿದ್ದರೆ ಕಲ್ಯಾಣದ ತಮ್ಮ ಹೇಳಿದ್ದೇ ಸರಿ.

ಪಾಡ್ಯದ ಬೆಳಿಗ್ಗೆ ಬೇಗ ಹೋಗಿ ಬೋರಿಂಗಿನ ಬಳಿ ನಿಂತೆ. ಅಕ್ಕನಿಗೆ ಬರುತ್ತೇನೆಂದು ಹೇಳಿರಲಿಲ್ಲ. ರಸ್ತೆಯ ತುಂಬ ಪಟಾಕಿಯ ಕೆಂಪು ಕಾಗದ. ಖಾನಾವಳಿಯ ಬಾಗಿಲು ತೆರೆಯಿತು, ಅಕ್ಕ ಕೊಡ ಹಿಡಿದು ಬಂದರು, ಒಂದು ಹೆಜ್ಜೆ ಮುಂದೆ ಚಿಮಣಿ, ಕಾಲು ಇನ್ನೂ ಸ್ವಲ್ಪ ಎಳೆಯುತ್ತಿತ್ತು. ರಸ್ತೆಗಿಳಿದು ಕಾಲು ಭಾಗ ಬಂದಿದ್ದರು, ಸೊಲ್ಲಾಪುರದ ಕಡೆಯಿಂದ ಹಾರನ್ ಕೇಳಿಸಿತು. ನಾನು ಕೂಗಿದರೆ ಪ್ರಯೋಜನವಿಲ್ಲ. ಓಡಿದರೆ ಮುಟ್ಟುವುದಿಲ್ಲ. ಚಿಮಣಿ ಇನ್ನೆರಡು ಹೆಜ್ಜೆ ಹಾಕಿತು. ಲಾರಿ ತಿರುವಿನಲ್ಲಿ ಕಾಣಿಸಿತು, ಇನ್ನೊಮ್ಮೆ ಹಾರನ್ ಹಾಕಿತು.

ಚಿಮಣಿ ನಿಂತಿತು. ತಿರುಗಿ ಅಕ್ಕನ ಎರಡೂ ಕಾಲುಗಳಿಗೆ ಅಡ್ಡವಾಗಿ ಮೈಯೊತ್ತಿ, ತಲೆಯೆತ್ತಿ ಅವರ ಮುಖ ನೋಡಿತು. ಅಕ್ಕನೂ ನಿಂತರು. ಲಾರಿ ಅವರ ಮುಂದಿನಿಂದ ಕೆಂಪು ಕಾಗದ ಹಾರಿಸುತ್ತ ಹೋಯಿತು. ಧೂಳು ಇಳಿದ ಮೇಲೂ ಅಕ್ಕ ದಾಟಲಿಲ್ಲ. ಕೊಡವನ್ನು ಪಕ್ಕಕ್ಕಿಟ್ಟು, ಆ ನಾಯಿಯ ಎರಡೂ ಕಿವಿಗಳನ್ನು ಅಂಗೈಗಳಲ್ಲಿ ಹಿಡಿದುಕೊಂಡು, ರಸ್ತೆಯಲ್ಲೇ ಕೂತುಬಿಟ್ಟರು.